ಆಂಟಿ ಅಂದ ‘ಬರ್ರಿ’

ಮೊನ್ನೆ ಡಾಲಸ್ ಹತ್ತಿರದ ನಮ್ಮ ಲಿಟಲ್ ಎಲ್ಮ್‌ನಲ್ಲಿ ಆಲಿಕಲ್ಲು ಬಿತ್ತು. ಒಂದೊಂದೂ ನಿಂಬೆಹಣ್ಣಿನ ಗಾತ್ರ. ಬಿದ್ದದ್ದು ಸ್ವಲ್ಪ ಹೊತ್ತೇ, ಆದರೆ ಬೀದಿಯ ಎಳೆಯ ಓಕ್ ಮರಗಳ ಎಲೆಗಳನ್ನೆಲ್ಲ ಹರಿದು ಹಾಕಿ ಹೋಯಿತು. ನಿಂತ ಮೇಲೆ ಬಾಗಿಲು ತೆಗೆದರೆ ಮೂಗಿಗೆ ಬಡಿದದ್ದು ಹಸಿ ಎಲೆಯ ವಾಸನೆ, ಯಾರೋ ಇಡೀ ಬೀದಿಗೆ ಆಗುವಷ್ಟು ಸೊಪ್ಪನ್ನು ಒಂದೇ ಸಲ ಹೆಚ್ಚಿಟ್ಟ ಹಾಗೆ. ಅಕ್ಕಪಕ್ಕದವರು ಹೊರಗೆ ಬಂದು ತಮ್ಮ ತಮ್ಮ ಕಾರುಗಳ ಮೇಲಿನ ತಗ್ಗುಗಳ ಫೋಟೋ ತೆಗೆಯುತ್ತಿದ್ದರು, ಇನ್ಶೂರೆನ್ಸಿಗೆ. ನಾನು ಮಾತ್ರ ಹೊಸ್ತಿಲಲ್ಲೇ ಕೂತುಬಿಟ್ಟೆ. ಆ ವಾಸನೆ ನನಗೆ ಮೊದಲು ಗೊತ್ತಾದದ್ದು ಹೂಸ್ಟನ್ನಿನ ಆಚೆ, ಒಂದು ಹಳೆಯ ವಿಮಾನದ ಓಡುದಾರಿಯ ಪಕ್ಕದ ಹುಲ್ಲಿನಲ್ಲಿ, ಅಂಕಲ್ ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದೆ ಓಡುತ್ತಿದ್ದಾಗ...

ಅಂಕಲ್ ಅಂದರೆ ನನ್ನ ಬಳಗದವರೇನಲ್ಲ. ಹೂಸ್ಟನ್ನಿನಲ್ಲಿ ಓದುತ್ತಿದ್ದಾಗ ನಾನು ಪಕ್ಕದ ಸ್ಟಾಫರ್ಡ್‌ನಲ್ಲಿ ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಹುಬ್ಬಳ್ಳಿಯವರು. ಇಂಡಿಯನ್ ಅಂಗಡಿಗಳ ಸಾಲಿನಲ್ಲೇ, ಮಿಠಾಯಿ ಅಂಗಡಿಗೂ ಸೀರೆ ಅಂಗಡಿಗೂ ನಡುವೆ, ಅವರ ಕನ್ನಡಕದ ಅಂಗಡಿ. ಮೈಸೂರಿನ ನನ್ನ ಮೆತ್ತನೆ ಮಾತನ್ನು ಕೇಳಿ ನಗುತ್ತಿದ್ದರು. ನಾನು ‘ಊಟ ಆಯ್ತಾ ಅಂಕಲ್’ ಎಂದರೆ ‘ಜೋರಾಗಿ ಕೇಳವಾ, ನಾ ಉಂಡಿದ್ದು ನನಗ ಮರ್ತು ಹೋಗ್ತೈತಿ’ ಎನ್ನುತ್ತಿದ್ದರು. ಆಂಟಿ ಮಾತು ಕಡಿಮೆ. ಗಂಡ ಹತ್ತು ಮಾತಾಡುವಲ್ಲಿ ಆಕೆಯದು ಒಂದು, ಆ ಒಂದು ಮಾತಿಗೇ ಆ ಮನೆಯಲ್ಲಿ ಬೆಲೆ.

ಊರೊಳಗೆ ಅಂಕಲ್ ಕಾರು ಓಡಿಸುವುದನ್ನು ನೋಡಿದರೆ ನಗು ಬರುತ್ತಿತ್ತು. ಸದಾ ನಿಧಾನಸ್ಥರ ಬಲಗಡೆಯ ಲೇನು, ಎರಡೂ ಕೈ ಸ್ಟೇರಿಂಗಿನ ಮೇಲೆ, ಬೋರ್ಡಿನಲ್ಲಿ ಬರೆದದ್ದಕ್ಕಿಂತ ಒಂದಿಷ್ಟು ಕಡಿಮೆಯೇ ವೇಗ. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ‘ಹೋಗಪಾ ರಾಜಾ’ ಎಂದು ದಾರಿ ಬಿಡುತ್ತಿದ್ದರು. ಇಂಥವರು ವರ್ಷಕ್ಕೊಂದೆರಡು ಸಲ ಆ ಹಳೆಯ ಓಡುದಾರಿಗೆ ಹೋಗಿ ಗಂಟೆಗೆ ನೂರೈವತ್ತು ಮೈಲಿಗೂ ಮಿಕ್ಕಿ ಕಾರು ಓಡಿಸುತ್ತಾರೆ ಎಂದು ಆಂಟಿ ಹೇಳಿದಾಗ ನಾನು ತಮಾಷೆ ಎಂದುಕೊಂಡೆ. ಆಮೇಲೆ ಗರಾಜಿನಲ್ಲಿ ಹೊದಿಕೆ ಹೊದ್ದು ಮಲಗಿದ್ದ ಆ ಕೆಂಪು ಕಾರನ್ನು ತೋರಿಸಿದರು. ಒಳಗೆ ಒಂದೇ ಸೀಟು, ಸುತ್ತ ಕಬ್ಬಿಣದ ಪೈಪುಗಳ ಪಂಜರ. ನೋಡಿದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ನಾನು ಹುಟ್ಟಾ ಪುಕ್ಕಲು. ಹಗ್ಗ ಕಂಡರೆ ಹಾವು ಅನ್ನುವ ಜಾತಿ. ನನಗೆ ಡ್ರೈವಿಂಗ್ ಕಲಿಸಿದವರೂ ಅಂಕಲ್ಲೇ, ಭಾನುವಾರ ಬೆಳಿಗ್ಗೆ ಅಂಗಡಿ ಸಾಲಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ. ನಾನು ಎದುರಿಗೆ ಒಂದು ಪ್ಲಾಸ್ಟಿಕ್ ಚೀಲ ಹಾರಿ ಬಂದರೂ ಬ್ರೇಕನ್ನು ಮೆಟ್ಟಿ ನಿಲ್ಲುತ್ತಿದ್ದೆ. ಅವರು ಒಂದು ದಿನವೂ ಗದರಲಿಲ್ಲ. ‘ಅಂಜಿಕಿ ಬಂದಾಗ ಮೊದ್ಲ ಉಸರು ಬಿಡವಾ. ಕಾಲಿನ ಕೆಲಸ ಆಮ್ಯಾಲ’ ಎಂದಷ್ಟೇ ಹೇಳುತ್ತಿದ್ದರು.

ನನಗೆ ಲೈಸೆನ್ಸ್ ಸಿಕ್ಕ ವಸಂತದಲ್ಲೇ ಅವರ ರೇಸೂ ಬಂತು. ಅಂಕಲ್ ಗೆಳೆಯರ ಟ್ರಕ್ಕಿನಲ್ಲಿ ಕೆಂಪು ಕಾರನ್ನು ಏರಿಸಿಕೊಂಡು ಹೋಗುವುದು, ಆಂಟಿಯ ವ್ಯಾನನ್ನು ನಾನು ಓಡಿಸಿಕೊಂಡು ಹಿಂದೆ ಬರುವುದು ಎಂದು ತೀರ್ಮಾನವಾಯಿತು. ಹೈವೇ ಅಭ್ಯಾಸ ಆಗಲಿ ಎಂಬುದು ಅವರ ಲೆಕ್ಕ. ಸಮುದ್ರದ ಕಡೆಗೆ ಹೋಗುವ ದಾರಿ, ಎರಡೂ ಕಡೆ ಹತ್ತಿಯ ಹೊಲ, ನಡುನಡುವೆ ಎಣ್ಣೆ ಎತ್ತುವ ಪಂಪುಗಳು. ದಾರಿಯುದ್ದಕ್ಕೂ ಆಂಟಿ ಮಡಿಲಲ್ಲಿ ಚುರುಮುರಿ ಡಬ್ಬಿ ಇಟ್ಟುಕೊಂಡು ನನ್ನ ಬಾಯಿಗೆ ಒಂದೊಂದು ಹಿಡಿ ಹಾಕುತ್ತಿದ್ದರು.

ಈ ರೇಸಿನಲ್ಲಿ ಇಬ್ಬರು ಪಕ್ಕಪಕ್ಕ ಓಡುವುದಿಲ್ಲ. ವಿಮಾನಗಳು ಬಿಟ್ಟುಹೋದ ನೇರವಾದ ಕಾಂಕ್ರೀಟು ದಾರಿ. ಒಂದು ತುದಿಯಲ್ಲಿ ಗೆರೆ. ಒಂದು ಕಾರು ಒಂಟಿಯಾಗಿ ಅಲ್ಲಿಂದ ಹೊರಟು ಒಂದು ಮೈಲಿ ಮುಗಿಯುವ ಹೊತ್ತಿಗೆ ಎಷ್ಟು ವೇಗ ಮುಟ್ಟಿತು ಎಂದು ಯಂತ್ರ ಅಳೆಯುತ್ತದೆ. ಆಮೇಲೆ ನಿಲ್ಲಿಸುವುದಕ್ಕೆ ಇನ್ನಷ್ಟು ದಾರಿ, ಅದರ ಕೊನೆಯಲ್ಲಿ ಆಂಬುಲೆನ್ಸು, ನಾಲ್ಕು ಜನ. ಪಕ್ಕದ ಸಣ್ಣ ರಸ್ತೆಯಲ್ಲಿ ನಿಧಾನವಾಗಿ ವಾಪಸು ಬರಬೇಕು. ಸೋಲಿಸುವುದೇನಿದ್ದರೂ ತನ್ನದೇ ಹೋದ ಸಲದ ವೇಗವನ್ನು.

ಅಂಕಲ್ಲಿಗೆ ಒಂದು ನೇಮವಿತ್ತು. ನಮ್ಮ ಮನೆಗಳಲ್ಲಿ ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲವಲ್ಲ. ಹೋಗುವವರು ‘ಬರ್ತೀನಿ’ ಎನ್ನಬೇಕು, ಕಳಿಸುವವರು ‘ಹೋಗಿ ಬಾ’ ಎನ್ನಬೇಕು. ಅಂಕಲ್ ಗೆರೆಯ ಬಳಿ ಹೋಗಿ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂತು ಎನ್ನುವಾಗ ಆಂಟಿಗೆ ಫೋನ್ ಮಾಡುತ್ತಿದ್ದರು. ‘ಬರ್ತೇನಿ’ ಎನ್ನುವರು. ಆಂಟಿ ಈ ಕಡೆಯಿಂದ ‘ಬರ್ರಿ’ ಎನ್ನುವರು. ಹೋಗಿ ಬರ್ರಿ ಎನ್ನುವುದು ಅಷ್ಟು ವರ್ಷಗಳಲ್ಲಿ ಸವೆದು ಸವೆದು ಬರೀ ‘ಬರ್ರಿ’ ಆಗಿತ್ತು. ಆಮೇಲೆ ಫೋನನ್ನು ಗೆಳೆಯರ ಕೈಗೆ ಕೊಟ್ಟು ಹೆಲ್ಮೆಟ್ ಹಾಕಿಕೊಳ್ಳುವರು. ಒಂದು ಸಲ ಆಂಟಿ ಬಾತ್‌ರೂಮಿಗೆ ಹೋಗಿದ್ದಾಗ ಫೋನ್ ಬಂದಿತ್ತಂತೆ. ಎತ್ತುವವರಿಲ್ಲ. ಅಂಕಲ್ ತಮ್ಮ ಸರದಿಯನ್ನು ಹಿಂದಿನವನಿಗೆ ಬಿಟ್ಟುಕೊಟ್ಟು ಸಾಲಿನ ಕೊನೆಗೆ ಹೋಗಿ ನಿಂತರಂತೆ. ಆ ದಿನ ಬೆಳಿಗ್ಗೆ ಆಂಟಿ ಇದನ್ನು ಹೇಳಿದಾಗ ನಾವಿಬ್ಬರೂ ನಕ್ಕಿದ್ದೆವು.

ಬೆಳಿಗ್ಗೆ ಎರಡು ಸಲ ಓಡಿಸಿದರು. ಕೆಂಪು ಕಾರು ನಮ್ಮ ಮುಂದೆ ಹಾದು ಹೋದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಎದೆಯ ಮೂಳೆಯೊಳಗೇ ಆ ಸದ್ದು ನಡುಗಿತು. ಸೆಖೆ ವಿಪರೀತ, ಬಟ್ಟೆಯೆಲ್ಲ ಮೈಗೆ ಅಂಟುವಂಥದ್ದು. ಮಧ್ಯಾಹ್ನದ ಮೇಲೆ ವಾಯವ್ಯದಲ್ಲಿ ಮೋಡ ಕಟ್ಟತೊಡಗಿತು. ಧ್ವನಿವರ್ಧಕದಲ್ಲಿ ಹೇಳಿ ಸ್ವಲ್ಪ ಹೊತ್ತು ಎಲ್ಲವನ್ನೂ ನಿಲ್ಲಿಸಿದರು. ಮೋಡ ಅಲ್ಲೇ ನಿಂತಂತೆ ಕಂಡಿತು, ಒಂದಿಷ್ಟು ಬಿಸಿಲೂ ಬಂತು, ಮತ್ತೆ ಕಾರುಗಳನ್ನು ಬಿಡತೊಡಗಿದರು. ಅಂಕಲ್ ಚಹಾ ಅರ್ಧಕ್ಕೇ ಬಿಟ್ಟು, ಇನ್ನೊಂದು ಸಲ ಅಷ್ಟೇ ಎಂದು ಎದ್ದು ಹೋದರು. ಗೆರೆ ನಮ್ಮ ವ್ಯಾನಿನಿಂದ ಬಹಳ ದೂರ. ಸಾಲಿನಲ್ಲಿದ್ದ ಕಾರುಗಳು ಆಟಿಕೆಗಳಷ್ಟು ಕಾಣುತ್ತಿದ್ದವು.

ಆಗ ಗಾಳಿ ತಟ್ಟನೆ ನಿಂತಿತು. ಬೆವರು ತಣ್ಣಗಾಯಿತು. ಆಂಟಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದರು. ನಾನೂ ನೋಡಿದೆ. ಮೋಡದ ಅಡಿ ಹಸಿರಾಗಿತ್ತು, ತೊಳೆಯದೆ ಬಿಟ್ಟ ತಾಮ್ರದ ಹಂಡೆಯ ಕಿಲುಬಿನ ಹಸಿರು. ಟೆಕ್ಸಸ್‌ಗೆ ಬಂದ ವರ್ಷವೇ ಎಲ್ಲರೂ ಹೇಳಿಕೊಟ್ಟಿದ್ದರು, ಆಕಾಶ ಹಸಿರಾದರೆ ಹೊರಗೆ ನಿಲ್ಲಬೇಡ ಎಂದು. ಆಂಟಿ ಯಾರ ಘೋಷಣೆಗೂ ಕಾಯಲಿಲ್ಲ. ತಾವೇ ಫೋನ್ ಮಾಡಿದರು. ಆ ಜಾಗದಲ್ಲಿ ಸಿಗ್ನಲ್ ಇದ್ದರೂ ಇಲ್ಲದ ಹಾಗೆ. ಆ ಕಡೆ ಎಂಜಿನ್ನುಗಳ ಗದ್ದಲ.

‘ರೀ, ಮ್ಯಾಲ ನೋಡ್ರಿ, ಮೋಡ ಹೆಂಗ ಆಗೇತಿ. ಸಾಕು ಇವತ್ತಿಗೆ, ಬರ್ರಿ.’

‘ಏನಂದಿ? ಕೇಳವಲ್ದು.’

‘ಬರ್ರಿ!’

‘ಹಾಂ, ಆತು. ಬರ್ತೇನಿ.’

ಫೋನ್ ಕಟ್ಟಾಯಿತು. ಆಂಟಿ ನಿಟ್ಟುಸಿರು ಬಿಟ್ಟು ಫ್ಲಾಸ್ಕಿನ ಮುಚ್ಚಳ ಹಾಕಿ ಸಾಮಾನು ಕಟ್ಟತೊಡಗಿದರು. ಅಷ್ಟರಲ್ಲೇ ಧ್ವನಿವರ್ಧಕ ಕೂಗಿತು: ರೇಸ್ ಮುಗಿಯಿತು, ಎಲ್ಲರೂ ಗಾಡಿಯೊಳಗೆ ಹೋಗಿ. ಕಿತ್ತಳೆ ಜಾಕೆಟ್ಟಿನ ಒಬ್ಬ ದಪ್ಪ ಹೆಂಗಸು, ಎಲ್ಲರನ್ನೂ ‘ಹನಿ’ ಎಂದೇ ಕರೆಯುವಾಕೆ, ಡೇರೆಯಿಂದ ಡೇರೆಗೆ ಓಡುತ್ತ ಬಂದು ನಮ್ಮ ಕಿಟಕಿ ಬಡಿದಳು. ನಿಮ್ಮವರು ಎಲ್ಲಿ ಎಂದು ಕೇಳಿದಳು. ಈಗ ತಾನೇ ಮಾತಾಡಿದೆ, ವಾಪಸು ಬರುತ್ತಿದ್ದಾರೆ ಎಂದು ಆಂಟಿ ಇಂಗ್ಲಿಷಿನಲ್ಲಿ ಹೇಳಿದರು. ಆಕೆ ವಾಕಿಟಾಕಿಯಲ್ಲಿ ಕೆಂಪು ಕಾರು ವಾಪಸು ಬರುತ್ತಿದೆ, ದಾರಿ ಖಾಲಿ ಎಂದು ಕೂಗಿ ಮುಂದಿನ ಡೇರೆಗೆ ಓಡಿದಳು. ಆ ಮಾತನ್ನು ಕೇಳಿಯೇ ಕೊನೆಯ ತುದಿಯ ಆಂಬುಲೆನ್ಸಿನವರು ಅಲ್ಲಿಂದ ಹೊರಟು ದೂರದ ಹಳೆಯ ಶೆಡ್ಡಿನ ಆಸರೆಗೆ ಹೋದದ್ದು. ಅವರದೂ ತಪ್ಪಲ್ಲ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ.

ಗಾಳಿ ಒಂದೇ ಏಟಿಗೆ ಬಂತು. ಎದುರಿಗಿದ್ದ ಡೇರೆ ಕಾಲು ಕಿತ್ತುಕೊಂಡು ಹಾರಿ ಇನ್ನೊಂದು ಟ್ರಕ್ಕಿನ ಮೇಲೆ ಬಿತ್ತು. ಆ ಗದ್ದಲದೊಳಗೇ ಒಂದು ಎಂಜಿನ್ನಿನ ಸದ್ದು ಏರುತ್ತಾ ಹೋಗಿ, ನಮ್ಮನ್ನು ದಾಟಿ, ದಕ್ಷಿಣದ ಕಡೆಗೆ ಕರಗಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ನಾನು ಆಂಟಿಯ ಮುಖ ನೋಡಿದೆ. ಆಂಟಿ ಕೇಳಿಸಿಕೊಂಡಿರಲಿಲ್ಲವೋ, ಕೇಳಿಸಿಕೊಂಡೂ ನಂಬಲಿಲ್ಲವೋ... ‘ನಿಮ್ಮ ಅಂಕಲ್ ಅಲ್ಲಿಂದ ಇಲ್ಲಿಗೆ ಬರಾಕೂ ತಾಸು ತಗೋತಾರ ನೋಡು’ ಎಂದು ನಕ್ಕರು.

ಆಮೇಲೆ ಆಲಿಕಲ್ಲು ಶುರುವಾಯಿತು. ಮೊದಲು ಒಂದೆರಡು, ಛಾವಣಿಯ ಮೇಲೆ ಯಾರೋ ಕಲ್ಲು ಒಗೆದ ಹಾಗೆ. ಆಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು. ಗೆರೆಯ ಬಳಿ ಸಾಲು ನಿಂತಿದ್ದ ಕಾರುಗಳು ಒಂದೊಂದಾಗಿ ದೀಪ ಹಾಕಿಕೊಂಡು ನಮ್ಮ ಮುಂದೆ ಹಾದು ಹೋದವು. ನೀಲಿ, ಬಿಳಿ, ಇನ್ನೊಂದು ಬಿಳಿ... ಕೆಂಪು ಬರಲೇ ಇಲ್ಲ. ಆಂಟಿಯ ಮುಖದಲ್ಲಿ ನಗು ಇರಲಿಲ್ಲ ಈಗ. ಕೈಯಲ್ಲಿದ್ದ ಫೋನನ್ನೇ ನೋಡುತ್ತ ಕೂತಿದ್ದರು. ತುಟಿ ಅಲುಗಿತು. ನಾನು ಬಗ್ಗಿ ಕಿವಿಗೊಟ್ಟೆ.

‘ನಾ ಬರ್ರಿ ಅಂದೆ ತಂಗಿ. ಅವ್ರು ಹೋಗಿ ಬರ್ರಿ ಅಂತ ತಿಳಕೊಂಡ್ರು.’

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಹಿಂದಕ್ಕೆ ಕರೆದ ಮಾತೇ ಕಳಿಸಿಕೊಟ್ಟ ಮಾತಾಗಿತ್ತು. ಅವರ ‘ಬರ್ತೇನಿ’ ಕೂಡ ಬರುವುದಲ್ಲ, ಹೊರಟದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮಾತಿನ ಬೆನ್ನು ಹತ್ತಿ ಈಗ ಯಾರು ಓಡಬೇಕು? ಕಿತ್ತಳೆ ಜಾಕೆಟ್ಟಿನಾಕೆ ಎಲ್ಲೂ ಕಾಣುತ್ತಿಲ್ಲ. ಅಂಕಲ್ ಆ ಕಡೆಗೆ ಹೋಗಿದ್ದಾರೆ ಎಂದು ಈ ಲೋಕದಲ್ಲಿ ಗೊತ್ತಿದ್ದವರು ನಾವಿಬ್ಬರೇ ಎಂದು ನನಗೆ ಅನಿಸಿತು.

ನಾನು ವ್ಯಾನ್ ಸ್ಟಾರ್ಟ್ ಮಾಡಿದೆ. ಧೈರ್ಯ ಎಂದು ತಿಳಿಯಬೇಡಿ. ಆಂಟಿ ಬಾಗಿಲು ತೆಗೆದು ಆ ಕಲ್ಲಿನ ಮಳೆಯಲ್ಲಿ ಓಡಲು ಹೊರಟಿದ್ದರು, ಅದನ್ನು ನೋಡುವ ಹೆದರಿಕೆ ಇನ್ನೂ ದೊಡ್ಡದಿತ್ತು. ಅವರ ಸೆರಗು ಹಿಡಿದು ಒಳಗೆಳೆದು ಪಕ್ಕದ ರಸ್ತೆಗೆ ವ್ಯಾನನ್ನು ಇಳಿಸಿದೆ. ವೈಪರ್ ಒಂದು ಮುರಿದು ಹೋಯಿತು. ಎದುರಿನ ಗಾಜಿನಲ್ಲಿ ಒಂದು ಬಿರುಕು, ಅದರಿಂದ ಇನ್ನೊಂದು. ಎಲ್ಲಿ ರಸ್ತೆ, ಎಲ್ಲಿ ಹುಲ್ಲು ತಿಳಿಯುತ್ತಿರಲಿಲ್ಲ. ಎಲ್ಲವೂ ಬೆಳ್ಳಗೆ, ಎಲ್ಲವೂ ಕುಣಿಯುತ್ತಿತ್ತು. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಮೊದಲು ಉಸಿರು ಬಿಟ್ಟೆ. ಜೋರಾಗಿ, ಅಳುವ ಹಾಗೆ ಬಿಟ್ಟೆ. ಮತ್ತೆ ಕಾಲು ತೆಗೆದೆ. ಆಂಟಿ ದೇವರ ಹೆಸರು ಹೇಳುತ್ತಿರಲಿಲ್ಲ. ‘ಬರ್ರಿ, ಬರ್ರಿ, ಬರ್ರಿ’ ಎಂದು ಅದೊಂದನ್ನೇ ಹೇಳುತ್ತಿದ್ದರು, ಅಂದದ್ದನ್ನು ತಿದ್ದುವವರ ಹಾಗೆ.

ಕೊನೆಯ ತುದಿಯಲ್ಲಿ ಯಾರೂ ಇರಲಿಲ್ಲ. ಕಾರೂ ಇರಲಿಲ್ಲ. ಆಲಿಕಲ್ಲು ಮಳೆಗೆ ತಿರುಗಿತ್ತು. ನಾವು ಇಳಿದು ಓಡಿದೆವು. ಆಗಲೇ ಆ ವಾಸನೆ... ಮೊಣಕಾಲುದ್ದದ ಹುಲ್ಲೆಲ್ಲ ಜಜ್ಜಿ ಹೋಗಿ ಹಸಿ ಸೊಪ್ಪಿನ ವಾಸನೆ ಎದ್ದಿತ್ತು. ಕಾಂಕ್ರೀಟಿನಿಂದಾಚೆ ಹುಲ್ಲಿನಲ್ಲಿ ಎರಡು ಕರಿ ಗೆರೆಗಳು. ಗೆರೆ ಮುಗಿದಲ್ಲಿ ನೀರು ಹರಿಯಲು ತೋಡಿದ್ದ ಕಾಲುವೆ. ಅದರೊಳಗೆ ಹಿಮ್ಮುಖವಾಗಿ ಇಳಿದು ಕೂತಿತ್ತು ಕೆಂಪು ಕಾರು. ಮೂತಿ ಮಾತ್ರ ಮೇಲೆ. ಹೊಲದ ನೀರೆಲ್ಲ ಅದೇ ಕಾಲುವೆಗೆ ನುಗ್ಗುತ್ತಿತ್ತು.

ಅಂಕಲ್ ಒಳಗೆ ಬೆಲ್ಟುಗಳಲ್ಲಿ ಕಟ್ಟಿಸಿಕೊಂಡು ಮಲಗಿದ ಹಾಗಿದ್ದರು. ನೀರು ಅವರ ಸೊಂಟ ಮುಟ್ಟಿತ್ತು. ಭುಜದ ಮೂಳೆ ಮುರಿದು ಬಲಗೈ ಏಳುತ್ತಿರಲಿಲ್ಲ. ಎಡಗೈಯಲ್ಲಿ ಬೆಲ್ಟಿನ ಕೊಂಡಿಯನ್ನು ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಕನ್ನಡಕ ಮಾತ್ರ ನೆಟ್ಟಗಿತ್ತು. ನಾನು ಅಲ್ಲೇ ದಡದಲ್ಲಿ ನಿಂತು ಕಿರುಚುತ್ತಿದ್ದೆ, ಏನೆಂದು ಕಿರುಚಿದೆನೋ ಈಗ ನೆನಪಿಲ್ಲ. ಆಂಟಿ ಸೀರೆಯಲ್ಲೇ ನೀರಿಗಿಳಿದರು. ಕಿಟಕಿಯಿಂದ ಅರ್ಧ ಒಳಗೆ ಹೋಗಿ, ನೀರೊಳಗೆ ಕೈ ಹಾಕಿ, ಚೀಲದ ಗಂಟು ಬಿಚ್ಚಿದಷ್ಟು ನಿಧಾನವಾಗಿ ಆ ಕೊಂಡಿ ಬಿಚ್ಚಿದರು. ಇಬ್ಬರೂ ಸೇರಿ ಅವರನ್ನು ಹೊರಗೆಳೆದೆವು. ಅವರ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ದಡಕ್ಕೆ ತಂದು ತಿರುಗಿ ನೋಡುವಾಗ ನೀರು ಸೀಟಿನ ಮೇಲಕ್ಕೆ ಬಂದಿತ್ತು.

ಆಂಟಿ ಅವರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದರು. ಅಂಕಲ್ ನೋವಿನಲ್ಲೂ ನಕ್ಕರು.

‘ಹುಚ್ಚಿ, ಅಳತಿ ಯಾಕ? ನೀ ಬರ್ರಿ ಅಂದ ಮ್ಯಾಲ ನನಗೇನಾಗತೈತಿ?’

ಆಂಟಿ ಒಮ್ಮೆ ನನ್ನ ಕಡೆ ನೋಡಿ, ಸೆರಗಿನಿಂದ ಅವರ ಮುಖದ ಕೆಸರು ಒರೆಸತೊಡಗಿದರು.

ನಮ್ಮ ವ್ಯಾನ್ ಹೋದದ್ದನ್ನು ಕಂಡು ಕಿತ್ತಳೆ ಜಾಕೆಟ್ಟಿನಾಕೆ ಹಿಂದೆಯೇ ಬಂದಿದ್ದಳು, ಆಂಬುಲೆನ್ಸೂ ಬಂತು. ಗೆರೆಯ ಬಳಿ ನಿಂತವನಿಗೆ ಆ ಗದ್ದಲದಲ್ಲಿ ವಾಕಿಟಾಕಿಯಿಂದ ‘ದಾರಿ ಖಾಲಿ’ ಎಂಬಷ್ಟೇ ಕೇಳಿಸಿ, ಅಂಕಲ್ಲನ್ನು ಬಿಟ್ಟಿದ್ದನಂತೆ. ಹತ್ತಿರದ ಊರಿನ ಆಸ್ಪತ್ರೆಯಲ್ಲಿ, ಒದ್ದೆ ಬಟ್ಟೆಯಲ್ಲಿ ಎಸಿಗೆ ನಡುಗುತ್ತ ಕೂತಿದ್ದಾಗ ಆಂಟಿ ನನ್ನ ಕೈ ಹಿಡಿದುಕೊಂಡರು. ‘ಹೇಳಬ್ಯಾಡ ತಂಗಿ. ನನ್ನ ಮಾತು ಅವ್ರನ್ನ ಉಳಸ್ತು ಅಂತ ತಿಳಕೊಂಡಾರ. ಅದನ್ನ ಕಸಗೋಬ್ಯಾಡ.’ ನಾನು ತಲೆಯಾಡಿಸಿದೆ.

ಆಮೇಲೆ ಅಂಕಲ್ ಈ ಕಥೆಯನ್ನು ಹೇಳದ ಜಾಗವಿಲ್ಲ. ಕನ್ನಡಕಕ್ಕೆ ಬಂದ ಗಿರಾಕಿ, ಯುಗಾದಿ ಊಟಕ್ಕೆ ಸೇರಿದ ಮಂದಿ, ದೀಪಾವಳಿಗೆ ಬಂದ ನನ್ನ ಗೆಳತಿಯರು, ಎಲ್ಲರಿಗೂ. ಸುಂಟರಗಾಳಿ ಬಂತು, ಆಣಿಕಲ್ಲು ಬಿತ್ತು, ಕಾರು ಕಾಲುವೆಗೆ ಬಿತ್ತು, ಆದರೆ ಇವಳು ಬರ್ರಿ ಅಂದಿದ್ದಳು, ಅದಕ್ಕೇ ಬಂದೆ ಎನ್ನುತ್ತಿದ್ದರು. ಅವರ ಕಥೆಯ ಆ ಆಲಿಕಲ್ಲು ಪ್ರತಿಸಲವೂ ಒಂದಿಷ್ಟು ದೊಡ್ಡದಾಗುತ್ತಿತ್ತು. ಕಥೆ ಆ ಜಾಗಕ್ಕೆ ಬರುವ ಹೊತ್ತಿಗೆ ಆಂಟಿ ಏನೋ ನೆನಪಾದವರಂತೆ ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಜನ ಅದನ್ನು ನಾಚಿಕೆ ಎಂದುಕೊಂಡರು.

ಮರುವರ್ಷ ಕಾರು ಮತ್ತೆ ರಿಪೇರಿಯಾಗಿ ಬಂತು. ರೇಸಿನ ದಿನ ಬೆಳಿಗ್ಗೆ ಗೆಳೆಯರ ಟ್ರಕ್ಕು ಹೊರಗೆ ನಿಂತಿತ್ತು. ಅಂಕಲ್ ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಬರ್ತೇನಿ’ ಎಂದರು. ನಾನು ಮೆಟ್ಟಿಲ ಮೇಲಿದ್ದೆ. ಆಂಟಿ ಒಲೆಯ ಮುಂದೆ ನಿಂತಿದ್ದರು, ಬೆನ್ನು ಈ ಕಡೆ. ಒಗ್ಗರಣೆ ಸಿಡಿಯಿತು. ಸಿಡಿದು ಮುಗಿಯಿತು. ಸೀದ ವಾಸನೆ ಬಂತು. ಆಂಟಿ ತಿರುಗಲೂ ಇಲ್ಲ, ಮಾತನ್ನೂ ಆಡಲಿಲ್ಲ. ಅಂಕಲ್ ಇನ್ನೊಂದು ಸಲ ‘ಬರ್ತೇನಿ’ ಎಂದರು, ಈ ಸಲ ಮೆಲ್ಲಗೆ. ಆಮೇಲೆ ಹೊರಗೆ ಹೋಗಿ ಟ್ರಕ್ಕಿನವರಿಗೆ ಏನೋ ಹೇಳಿ ಕಳಿಸಿದರು. ಒಳಗೆ ಬಂದು ಕೂತು, ಸೀದದ್ದನ್ನೇ ಬಡಿಸಿಕೊಂಡು ತಿಂದರು. ಬೇಸಿಗೆಯಲ್ಲಿ ಕಾರನ್ನು ಮಾರಿದರು. ಹೆಂಡತಿಗೆ ಸಿಟ್ಟು ಬಂದಿದೆ ಎಂದು ಅವರು ತಿಳಿದಿದ್ದರು. ಸಿಟ್ಟಲ್ಲ, ಆ ಮಾತನ್ನು ಬಾಯಿಗೆ ತರಲು ಆಕೆಗೆ ಅಂಜಿಕೆ ಎಂದು ನನಗೆ ಗೊತ್ತಿತ್ತು.

ಓದು ಮುಗಿದು ನನಗೆ ಡಾಲಸ್‌ನಲ್ಲಿ ಕೆಲಸವಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಅವರು ಅಂಗಡಿ ಮಾರಿ ಆಸ್ಟಿನ್ನಿಗೆ, ಮಗಳ ಮನೆಯ ಹತ್ತಿರ ಶಿಫ್ಟ್ ಆದರು. ಹಬ್ಬಕ್ಕೊಂದು ಫೋನು. ನಾನು ಹೇಗೆ ಓಡಿಸುತ್ತೇನೆ ಎಂದು ಪ್ರತಿಸಲ ಕೇಳುವರು. ಬಲಗಡೆಯ ಲೇನಿನಲ್ಲಿ ಎಂದರೆ ಅವರಿಗೆ ಬಹಳ ಖುಷಿ.

ಅವರ ಹೃದಯದ ಆಪರೇಷನ್ ಆಸ್ಟಿನ್ನಿನಲ್ಲೇ ಆಯಿತು. ಆಂಟಿ ಎರಡು ದಿನ ಬಿಟ್ಟು ಫೋನ್ ಮಾಡಿದರು. ಒಳಗೆ ಕರೆದೊಯ್ಯುವಾಗ ಅಂಕಲ್ ಗಾಲಿಮಂಚದ ಮೇಲಿಂದಲೇ ಕತ್ತು ತಿರುಗಿಸಿ ‘ಬರ್ತೇನಿ’ ಎಂದರಂತೆ. ಒಗ್ಗರಣೆ ಸೀದ ಆ ಬೆಳಗಿನಂತೆಯೇ ಎಂದರು ಆಂಟಿ.

‘ಈ ಸಲ ಅಂದೆ ತಂಗಿ. ಬಿಡಿಸಿ ಬಿಡಿಸಿ ಅಂದೆ. ಹೋಗಿ, ಬರ್ರಿ ಅಂತ. ಬಾಗಲಾ ಹಾಕಿದ್ರು. ಕೇಳ್ತೋ ಇಲ್ಲೋ...’

ಕೇಳಿಸಿರುತ್ತದೆ ಆಂಟಿ ಎಂದೆ. ಬೇರೆ ಏನು ಹೇಳಲಿ? ಅವರು ಬರಲಿಲ್ಲ. ನಿಜವನ್ನು ಆಂಟಿ ಅವರಿಗೆ ಕೊನೆಯವರೆಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ತನ್ನನ್ನು ಒಂದು ಮಾತು ಕಾಯುತ್ತಿದೆ ಎಂದು ನಂಬಿಕೊಂಡೇ ಅಂಕಲ್ ಹೋದರು. ಆ ನಂಬಿಕೆ ನನಗಿಲ್ಲ, ಅವರೊಬ್ಬರಿಗೆ ಇತ್ತು, ಅವರೂ ಇಲ್ಲ.

ಮೊನ್ನೆ ಆ ಹೊಸ್ತಿಲಲ್ಲಿ ಕೂತಿದ್ದಾಗ ಮಗಳು ಕೀಲಿ ತಿರುಗಿಸುತ್ತ ಒಳಗಿನಿಂದ ಬಂದಳು. ಲೈಸೆನ್ಸ್ ಬಂದು ಒಂದು ತಿಂಗಳೂ ಆಗಿಲ್ಲ. ಗೆಳತಿಯ ಮನೆಗಂತೆ. ನನ್ನನ್ನು ದಾಟಿಕೊಂಡು, ‘ಅಮ್ಮಾ, ಐಯಾಮ್ ಗೋಯಿಂಗ್’ ಎಂದಳು. ಎಲೆಗಳ ಮೇಲೆ ಅವಳ ಶೂ ಜಾರಿತು. ಆಕಾಶ ತೊಳೆದಿಟ್ಟ ಹಾಗಿತ್ತು, ಎಲ್ಲೂ ಒಂದು ತುಂಡು ಮೋಡವಿಲ್ಲ. ಆದರೂ ನಾನು ಎದ್ದು ನಿಂತೆ. ಕೂಗಿ ನಿಲ್ಲಿಸಿದೆ.

‘ಹೋಗಿ. ಬಾ’ ಎಂದೆ. ‘ಎರಡೂ ಕೇಳಿಸ್ತಾ?’

ಅವಳು ಕಾರಿನ ಬಾಗಿಲು ಹಿಡಿದು ನನ್ನನ್ನು ವಿಚಿತ್ರವಾಗಿ ನೋಡಿದಳು. ‘ಗೋ, ಅಂಡ್ ಕಮ್. ಐ ಹರ್ಡ್ ಬೋತ್, ಅಮ್ಮ’ ಎಂದು ಹೇಳಿ ಹೊರಟಳು. ತಿರುವಿನಲ್ಲಿ ಅವಳ ಕಾರು ಮರೆಯಾದ ಮೇಲೂ ನಾನು ಅಲ್ಲೇ ನಿಂತಿದ್ದೆ, ಅವಳು ವಾಪಸು ಬರುವ ತನಕ.